ಷಿಕಾಗೊ ವಿಶ್ವಮೇಳದ ಅರ್ಧ ಡಾಲರ್, ಅಂಚೆಚೀಟಿ, ಟಿಕೆಟ್

1893ರ ಷಿಕಾಗೊ ವಿಶ್ವಮೇಳದ ವಸ್ತುಗಳ ಮೇಲೆ ನಮ್ಮವರಿಗೆ ವಿಶೇಷ ಅಕ್ಕರೆ. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ ಅಂಗವಾಗಿಯೇ ನಡೆದದ್ದು. ಅಕ್ಕರೆ ಇರಲಿ, ಆದರೆ ಆ ಹೆಸರು ಕೇಳಿದ ಮಾತ್ರಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಮೊದಲು ಕೈಗೆ ಸಿಗುವುದು ಕೊಲಂಬಸ್ ಅರ್ಧ ಡಾಲರ್. ಒಂದು ಬದಿಗೆ ಕೊಲಂಬಸ್ ಮುಖ, ಇನ್ನೊಂದು ಬದಿಗೆ ಸಾಂಟಾ ಮರಿಯಾ ಹಡಗು, ಅದರಡಿ ಎರಡು ಗೋಳಾರ್ಧ. ಮೇಳದಲ್ಲಿ ಇದನ್ನು ಒಂದು ಡಾಲರಿಗೆ ಮಾರಿದರು. ಮಾರಾಟವಾಗದೆ ಉಳಿದದ್ದರಲ್ಲಿ ಸುಮಾರು 25 ಲಕ್ಷ ಕರಗಿಸಿ, ಎಷ್ಟೋ ನಾಣ್ಯಗಳನ್ನು ಮುಖಬೆಲೆಗೇ ಚಲಾವಣೆಗೆ ಬಿಟ್ಟರು. ಅದಕ್ಕೇ ಸವೆದ ನಾಣ್ಯಗಳು ಧಾರಾಳವಾಗಿ ಸಿಗುತ್ತವೆ. ಅವಕ್ಕೆ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು.

ತೂಕ 12.5 ಗ್ರಾಂ, ವ್ಯಾಸ 30.6 ಮಿ.ಮೀ., ಬೆಳ್ಳಿ ಶೇ 90. ಕೊಳ್ಳುವಾಗ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಜೊತೆಗಿರಲಿ. ಸವೆದಿದ್ದರೆ ಒಂದೆರಡು ದಶಾಂಶ ಕಡಿಮೆ ಬರಬಹುದು, ಆದರೆ ಅಷ್ಟೇನೂ ಸವೆಯದ ನಾಣ್ಯ 11 ಗ್ರಾಂ ತೂಗಿದರೆ ವಾಪಸ್ ಕೊಟ್ಟುಬಿಡಿ. ಅಯಸ್ಕಾಂತಕ್ಕೆ ಅಂಟಲಿಲ್ಲವೆಂದು ಅಸಲಿ ಎಂದುಕೊಳ್ಳಬಾರದು, ತಾಮ್ರ, ಹಿತ್ತಾಳೆಯೂ ಅಂಟುವುದಿಲ್ಲ. ಅದೇ ಮೇಳದ ಇಸಾಬೆಲ್ಲಾ ಕ್ವಾರ್ಟರ್ (ಕಾಲು ಡಾಲರ್ ನಾಣ್ಯ) ಹಂಚಿಕೆಯಾದದ್ದು ಸುಮಾರು 24 ಸಾವಿರ ಮಾತ್ರ. ಅದನ್ನು ಪರಿಣಿತರು ಪರೀಕ್ಷಿಸಿ ಮುಚ್ಚಿದ ಡಬ್ಬಿಯಲ್ಲಿದ್ದರಷ್ಟೇ ಕೊಳ್ಳಿ.

ನಾಣ್ಯ ಹಾಳಾಗುವುದು ಹೆಚ್ಚಾಗಿ ಮನೆಯಲ್ಲೇ. ಬೆಳ್ಳಿ ದೀಪ ಬೆಳಗಿದಂತೆ ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಮೇಲ್ಮೈ ತುಂಬ ಕೂದಲೆಳೆಯಂಥ ಗೀರು ಬೀಳುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಲ್ಲಿ ನೋಡಿದರೆ ಆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತಿರುತ್ತವೆ. ಹಾಗೆ ಹೋದ ಹೊಳಪು ಮತ್ತೆ ಬರುವುದಿಲ್ಲ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಹಸಿರು ಅಂಟು ಕಂಡರೆ ಮಾತ್ರ ತೆಗೆಯಲೇಬೇಕು. ಮೆತ್ತನೆಯ ಪಿವಿಸಿ ಕವರ್ ಬಿಡುವ ಆಮ್ಲ ನಾಣ್ಯದಲ್ಲಿರುವ ಶೇ 10 ತಾಮ್ರವನ್ನು ತಿನ್ನುವುದರಿಂದ ಅದು ಬರುತ್ತದೆ. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ (ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಸೇರಿರುತ್ತದೆ) ಐದು ನಿಮಿಷ ಅದ್ದಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಉಜ್ಜದೆ, ಇನ್ನೊಮ್ಮೆ ಹೊಸ ಅಸಿಟೋನಿನಲ್ಲಿ ಅದ್ದಿ ಎತ್ತಿ, ಹಾಗೇ ಆರಲು ಬಿಡಿ. ಆಮೇಲೆ ಮೈಲಾರ್ (ಪಿವಿಸಿ ಅಲ್ಲದ ಪ್ಲಾಸ್ಟಿಕ್) ಕವರ್‌ನಲ್ಲಿಡಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಪೊಟ್ಟಣ ಬದಲಿಸಲು ಮರೆಯಬೇಡಿ.

ಕೊಲಂಬಸ್ ಅಂಚೆಚೀಟಿಗಳು ಒಂದು ಸೆಂಟ್‌ನಿಂದ ಐದು ಡಾಲರ್‌ವರೆಗೆ ಒಟ್ಟು 16. ಎರಡು ಸೆಂಟ್‌ನ ನೇರಳೆ ಚೀಟಿಯನ್ನು 140 ಕೋಟಿಗೂ ಮೇಲೆ ಮುದ್ರಿಸಿದ್ದರಿಂದ ಅಗ್ಗ. ಅದರಲ್ಲಿ ಕೊಲಂಬಸನ ಎಡಕ್ಕಿರುವ ಮೂರನೆಯವನ ಟೋಪಿ ಮುರಿದಂತೆ ಕಾಣುವ ಚೀಟಿ ಹುಡುಕುವುದೇ ಒಂದು ಖುಷಿ. ಅಸಲಿ ಚೀಟಿಯ ಮೇಲಿನ ಬಲಮೂಲೆಯಲ್ಲಿ 1892 ಎಂದಿರಬೇಕು. 1992 ಎಂದಿದ್ದರೆ ಅದು ನೂರು ವರ್ಷದ ನಂತರದ ಮರುಮುದ್ರಣ.

ಪ್ರವೇಶ ಟಿಕೆಟ್ ಮುದ್ರಿಸಿದ್ದು ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ. ವಾಷಿಂಗ್ಟನ್, ಲಿಂಕನ್, ಕೊಲಂಬಸ್ ಮುಂತಾದವರ ಚಿತ್ರವಿರುವ ಈ ಟಿಕೆಟ್‌ಗಳು ನೋಟಿನ ಹಾಗೆ ಕೆತ್ತನೆ ಅಚ್ಚಿನವು. ಬೆಳಕನ್ನು ಓರೆಯಾಗಿ ಬಿಟ್ಟರೆ ಶಾಯಿ ಉಬ್ಬಿರುವುದು ಕಾಣುತ್ತದೆ. ನಕಲಿನಲ್ಲಿ ಗೆರೆಯ ಬದಲು ಸಣ್ಣ ಚುಕ್ಕೆಗಳಿರುತ್ತವೆ. ಆಲ್ಬಮ್ಮಿಗೆ ಅಂಟಿಸಬೇಡಿ, ನಾಲ್ಕು ಮೂಲೆಗೆ ಕಾಗದದ ಕೊಂಡಿ ಸಾಕು.