ಥಂಬ್ ಮಷೀನ್ ಬಂದ ಮೇಲೆ ಬಟವಾಡೆ ದಿನದ ಜಗಳ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೋಹ ಕಡೆಯುವ ಒಂದು ಸಣ್ಣ ಲೇತ್ ಶಾಪ್‌ನಲ್ಲಿ ಲೆಕ್ಕ, ಸಂಬಳ, ಹಾಜರಿ ನೋಡಿಕೊಳ್ಳುವವಳು ನಾನು. ಹಾಜರಿ ಪುಸ್ತಕ ಹೋಗಿ ಥಂಬ್ ಮಷೀನ್ ಬಂದಾಗ, ಇನ್ನು ಬಟವಾಡೆ ದಿನ ತಲೆನೋವಿಲ್ಲ ಅಂತ ಓನರ್ ಖುಷಿಯಾಗಿದ್ದರು. ಜಗಳ ಜಾಸ್ತಿಯೇ ಆಯಿತು. ಬೆರಳು ಎಷ್ಟು ಗಂಟೆಗೆ ಬಿತ್ತು ಅನ್ನೋದಷ್ಟೇ ಮಷೀನಿಗೆ ಗೊತ್ತು. ಅದಕ್ಕೆ ದುಡ್ಡೆಷ್ಟು ಅನ್ನೋದನ್ನು ನಾವು ಹೇಳಬೇಕು. ಓನರ್ ಏನೂ ಹೇಳಿರಲಿಲ್ಲ, ಮಷೀನ್ ಕೂರಿಸಲು ಬಂದ ಹುಡುಗ ತನಗೆ ತೋಚಿದ ರೂಲ್ಸ್ ಹಾಕಿ ಹೋಗಿದ್ದ: ಹತ್ತು ನಿಮಿಷ ರಿಯಾಯಿತಿ, ಮೂರು ಸಲ ಲೇಟಾದರೆ ಅರ್ಧ ದಿನ ಕಟ್.

ಈ ಅರ್ಧ ದಿನದ ಕಟ್ ಸುಮಾರು ಕಡೆ ಇದೆ, ಆದರೆ ಕಾನೂನಿನ ಮುಂದೆ ನಿಲ್ಲೋದು ಕಷ್ಟ. ಎಷ್ಟು ಹೊತ್ತು ಕೆಲಸದಲ್ಲಿ ಇರಲಿಲ್ಲವೋ ಅಷ್ಟು ಹೊತ್ತಿನ ಸಂಬಳಕ್ಕಿಂತ ಜಾಸ್ತಿ ಗೈರುಹಾಜರಿಗೆ ಹಿಡಿಯುವಂತಿಲ್ಲ ಅಂತ 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಪಾಂಡವಪುರದ ಕಡೆಯಿಂದ ರೈಲಿನಲ್ಲಿ ಬರುವವರು ನಮ್ಮಲ್ಲಿ ಇದ್ದಾರೆ, ರೈಲು ತಡವಾದರೆ ಅಷ್ಟೂ ಜನ ಒಟ್ಟಿಗೆ ಲೇಟು. ಅದೇ ಜನ ಸಂಜೆ ಅರ್ಧ ಗಂಟೆ ಹೆಚ್ಚಿಗೆ ನಿಂತರೆ ಸಾಫ್ಟ್‌ವೇರ್ ಅದನ್ನು ಓಟಿ (ಓವರ್‌ಟೈಮ್) ಅನ್ನುತ್ತಿರಲಿಲ್ಲ, ಪೂರ್ತಿ ಒಂದು ಗಂಟೆ ಆಗಬೇಕಿತ್ತು. ‘ಬರುವಾಗ ನಿಮಿಷದ ಲೆಕ್ಕ, ಹೋಗುವಾಗ ಗಂಟೆಯ ಲೆಕ್ಕವಾ ಮೇಡಂ?’ ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ ಅನ್ನೋದು 1948ರ ಕಾರ್ಖಾನೆ ಕಾಯ್ದೆ ಕಾಲದ ಮಾತು, ಆ ಅರ್ಧ ಗಂಟೆಗಳನ್ನೆಲ್ಲ ಕೂಡಿಸಿದರೆ ಸಣ್ಣ ಮೊತ್ತವಲ್ಲ.

ಇನ್ನು ಬೆರಳಿನ ಕಥೆ. ಲೇತ್ ನಡೆಸುವ ನಮ್ಮ ಹಿರಿಯ ಟರ್ನರ್ ಒಬ್ಬರ ಕೈಗೆ ವರ್ಷಗಟ್ಟಲೆ ಕೂಲೆಂಟ್ (ಲೋಹ ಕಡೆಯುವಾಗ ತಣಿಸಲು ಬಿಡುವ ದ್ರವ), ಬೀಡುಕಬ್ಬಿಣದ ಪುಡಿ ತಾಗಿ ಹೆಬ್ಬೆರಳಿನ ಗೆರೆಗಳೇ ಸವೆದಿವೆ. ವೇಸ್ಟ್ ಬಟ್ಟೆಯಲ್ಲಿ ಒರೆಸುತ್ತಾರೆ, ಬಾಯಿಂದ ಊದುತ್ತಾರೆ, ಒತ್ತುತ್ತಾರೆ. ಮಷೀನ್ ‘ಪ್ಲೀಸ್ ಟ್ರೈ ಎಗೇನ್’ ಅನ್ನುತ್ತದೆ. ಹಿಂದೆ ಕ್ಯೂ ಬೆಳೆಯುತ್ತದೆ, ರಿಯಾಯಿತಿಯ ಹತ್ತು ನಿಮಿಷ ಅಲ್ಲೇ ಕರಗುತ್ತದೆ. ‘ಕಣ್ಮುಂದೆ ನಿಂತಿದ್ದೀನಿ, ಇದಕ್ಕೆ ಮಾತ್ರ ನಾನ್ಯಾರು ಅಂತ ಗೊತ್ತಾಗ್ತಿಲ್ವಲ್ಲ ಮೇಡಂ’ ಅಂತ ಅವರು ನಕ್ಕರು, ನನಗೇನೋ ನಗು ಬರಲಿಲ್ಲ. ಇಂಥವರಿದ್ದರೆ ಎರಡೂ ಕೈಯ ಬೇರೆ ಬೇರೆ ಬೆರಳು ಮಷೀನಿಗೆ ಸೇರಿಸಿಡಿ, ಕಿರುಬೆರಳು ಅಷ್ಟು ಸವೆದಿರೋಲ್ಲ. ಅದೂ ಆಗದಿದ್ದರೆ ಬೆರಳಿನ ಬದಲು ಮಷೀನಿಗೆ ತೋರಿಸುವ ಕಾರ್ಡ್ ಕೊಡಿ.

ರಾತ್ರಿ ಪಾಳಿ ಇದ್ದರೆ ಮೊದಲ ವಾರವೇ ರಿಪೋರ್ಟ್ ತೆಗೆದು ನೋಡಿ. ಹತ್ತಕ್ಕೆ ಬಂದವನು ಬೆಳಿಗ್ಗೆ ಆರಕ್ಕೆ ಹೋದರೆ ತಾರೀಖು ಬದಲಾಗಿರುತ್ತದೆ, ಶಿಫ್ಟ್ ಸರಿಯಾಗಿ ಹಾಕದಿದ್ದರೆ ಎರಡೂ ದಿನ ಅರ್ಧಂಬರ್ಧ ಪಂಚ್ (ಬೆರಳೊತ್ತಿದ ದಾಖಲೆ) ಅಂತ ತೋರಿಸುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಮಷೀನಿನ ಗಡಿಯಾರವನ್ನೂ ಮೊಬೈಲ್ ಜೊತೆ ಹೋಲಿಸಿಕೊಳ್ಳಿ.

ನಮ್ಮಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಪ್ರಿಂಟ್. ಪ್ರತಿ ಸೋಮವಾರ ಹಿಂದಿನ ವಾರದ ಪಂಚ್ ಪಟ್ಟಿಯನ್ನು ನೀರಿನ ಫಿಲ್ಟರ್ ಪಕ್ಕ ಅಂಟಿಸುತ್ತೇನೆ. ಮರೆತ ಪಂಚ್‌ಗೆ ಸೂಪರ್‌ವೈಸರ್ ಸಹಿ ಹಾಕಿದ ಚೀಟಿ ತಂದರೆ ಆಗಲೇ ತಿದ್ದಿಬಿಡುತ್ತೇನೆ.

ಈಗ ಓನರ್‌ಗೆ ಮುಖ ನೋಡಿ ಹಾಜರಿ ಹಾಕುವ ಮಷೀನ್ ಮೇಲೆ ಕಣ್ಣು ಬಿದ್ದಿದೆ. ತರಲಿ, ಆದರೆ ರಿಯಾಯಿತಿ ಎಷ್ಟು, ಓಟಿ ಎಲ್ಲಿಂದ ಶುರು ಅಂತ ಮೊದಲು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ ಸಾರ್ ಅಂದಿದ್ದೇನೆ. ಹಾಳೆ ಇನ್ನೂ ಬಂದಿಲ್ಲ.