ಎರಡು ಕಪ್ಪು ಗೆರೆಯ ಕೇಬಲ್

ನನ್ನ ಡಿಲೇ ಪೆಡಲ್ ಅಂದರೆ ಗಿಟಾರಿನ ದನಿಗೆ ಮಾರ್ದನಿ ಸೇರಿಸುವ ಸಣ್ಣ ಪೆಟ್ಟಿಗೆ. ಅದರ ಔಟ್‌ಪುಟ್ ತೂತಿನ ಪಕ್ಕ ಸಣ್ಣ ಅಕ್ಷರದಲ್ಲಿ ‘ಸ್ಟೀರಿಯೊ’ ಅಂತ ಬರೆದಿದೆ. ಎರಡು ವರ್ಷ ಅದನ್ನು ನೋಡಿಕೊಂಡೇ ಮಾಮೂಲಿ ಗಿಟಾರ್ ಕೇಬಲ್ ಚುಚ್ಚಿ, ಆಂಪ್‌ಗೆ ಕೊಟ್ಟು ನುಡಿಸುತ್ತಿದ್ದೆ. ಆಂಪ್ ಒಂದೇ, ಸ್ಪೀಕರ್ ಒಂದೇ. ಹಾಗಾಗಿ ಆ ಪೆಡಲಿನ ಎಡಗಡೆಯ ಅರ್ಧ ಮಾತ್ರ ನನಗೆ ಪರಿಚಯ. ಬಲಗಡೆಯ ದನಿ ಹೇಗಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಅಕ್ಕ ಒಂದು ಹಾಡು ಕಟ್ಟಿದ್ದಳು. ಶುರುವಿಗೆ ನಲವತ್ತು ಸೆಕೆಂಡು ಗಿಟಾರ್ ಒಂದೇ, ಆಮೇಲೆ ಅವಳ ದನಿ. ನಿಧಾನದ ಹಾಡು. ತಂತಿ ಒಂದೊಂದೇ ಮೀಟಬೇಕು, ಒಂದು ಸ್ವರ ಇನ್ನೊಂದರ ಮೇಲೆ ಹರಡಿಕೊಳ್ಳಬೇಕು. ಇದಕ್ಕೆ ಡಿಲೇ ಮತ್ತು ರಿವರ್ಬ್ (ದೊಡ್ಡ ಕೋಣೆಯಲ್ಲಿ ಉಳಿಯುವಂಥ ಗುಂಗು) ಎರಡು ಕಿವಿಗೂ ಬೇರೆ ಬೇರೆಯಾಗಿ ಬರಲೇಬೇಕು ಅಂತ ನನಗೆ ಮೊದಲ ದಿನವೇ ಅನಿಸಿತ್ತು. ದನಿಯನ್ನು ಕಂಪ್ಯೂಟರ್‌ಗೆ ಕಳಿಸುವ, ಎರಡು ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ ಕೈಗೆ ಬಂದಿತ್ತು. ಒಂದು ಭಾನುವಾರ ಬೆಳಗ್ಗೆಯೇ ಕೂತೆ.

ಪೆಡಲಿನಲ್ಲಿ ಸ್ಟೀರಿಯೊ ಬರುವುದು ಒಂದೇ ತೂತಿನಿಂದ. ಹಾಗಾಗಿ ಟಿಆರ್‌ಎಸ್ ಕೇಬಲ್ ತೆಗೆದುಕೊಂಡೆ. ಗಿಟಾರ್ ಕೇಬಲಿನ ಪಿನ್ನಿನ ಮೇಲೆ ಒಂದು ಕಪ್ಪು ಗೆರೆ ಇರುತ್ತದೆ, ಇದರ ಮೇಲೆ ಎರಡು. ತುದಿಯಲ್ಲಿ ಎಡ, ನಡುವಿನ ಉಂಗುರದಲ್ಲಿ ಬಲ, ಬುಡದಲ್ಲಿ ಗ್ರೌಂಡ್. ಇಂಟರ್‌ಫೇಸಿನ ಮೊದಲನೇ ಇನ್‌ಪುಟ್ ಕೂಡ ಟಿಆರ್‌ಎಸ್ ಪಿನ್ ತಗೊಳ್ಳುತ್ತದೆ. ಪಿನ್ನು ಕಟಕ್ ಅಂತ ಕೂತಿತು. ಲೈನ್ ಇನ್‌ಪುಟ್ ಅಂತ ಆರಿಸಿದೆ, ಮೀಟರ್ ಅಲ್ಲಾಡಿತು, ಸರಿಯಾಗಿದೆ ಅಂದುಕೊಂಡೆ. ಹೆಡ್‌ಫೋನಿನಲ್ಲಿ ಮೆಟ್ರೊನೋಮ್ ಮಾತ್ರ ಕೇಳುವ ಹಾಗೆ ಇಟ್ಟುಕೊಂಡು ಇಡೀ ಹಾಡನ್ನು ಒಂದು ಸಲ ನುಡಿಸಿದೆ. ಅಕ್ಕ ಹಾಡುವ ಭಾಗದ ಕಾರ್ಡ್‌ಗಳನ್ನೂ ಸೇರಿಸಿ, ಕೊನೆಯವರೆಗೆ. ಕೈ ಚೆನ್ನಾಗಿ ಓಡಿತ್ತು.

ಆಮೇಲೆ ಪ್ಲೇ ಒತ್ತಿದೆ.

ಗಿಟಾರ್ ಇರಲಿಲ್ಲ. ಪಿಕ್ ತಂತಿಗೆ ತಾಗುವ ‘ಟಕ್’ ಇಲ್ಲ, ಸ್ವರ ಹುಟ್ಟುವ ಗಳಿಗೆಯೇ ಇಲ್ಲ. ಎಲ್ಲೋ ದೂರದಿಂದ ಸ್ವರದ ನೆರಳು ಮಾತ್ರ ಎದ್ದು ಬರುತ್ತಿತ್ತು. ಮೀಟಿದ ಸದ್ದು ಕೇಳಬೇಕಾದ ಕಡೆ ಮೌನ, ಅದಾದ ಸ್ವಲ್ಪ ಹೊತ್ತಿಗೆ ಅದರ ಮಾರ್ದನಿ. ಅಕ್ಕನನ್ನು ಕರೆದೆ.

“ಅಕ್ಕಾ, ಇದನ್ನ ಸ್ವಲ್ಪ ಕೇಳ್ತೀಯಾ?”

ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. “ನೀನು ನುಡಿಸಿದ್ದೇ ಕೇಳ್ತಿಲ್ವಲ್ಲೋ. ಬರೀ ಗುಂಯ್ ಅಂತಿದೆ. ಆದ್ರೆ ಏನೋ ಒಂಥರಾ ಚೆನ್ನಾಗಿದೆ ಕಣೋ, ಅಳಿಸಬೇಡ.”

ಅಳಿಸಲಿಲ್ಲ. ಆದರೆ ಗಿಟಾರ್ ಎಲ್ಲಿ ಹೋಯಿತು ಅಂತ ಗೊತ್ತಾಗದೆ ಮುಂದಕ್ಕೆ ಹೋಗಲು ಮನಸ್ಸು ಬರಲಿಲ್ಲ. ಪೆಡಲ್ ಕೆಟ್ಟಿದೆಯಾ ಅಂತ ಹಳೇ ಕೇಬಲ್ ಹಾಕಿ ನೋಡಿದೆ. ಗಿಟಾರ್ ವಾಪಸ್ ಬಂತು. ಎರಡು ಗೆರೆಯ ಕೇಬಲ್ ಹಾಕಿದರೆ ಮಾಯ. ಆಗ ಕಾಗದದ ಮೇಲೆ ಬರೆದು ನೋಡಿದೆ, ಉತ್ತರ ಅಲ್ಲಿತ್ತು.

ಇಂಟರ್‌ಫೇಸಿನ ಟಿಆರ್‌ಎಸ್ ಇನ್‌ಪುಟ್ ಸ್ಟೀರಿಯೊಗೆ ಮಾಡಿದ್ದಲ್ಲ, ಬ್ಯಾಲೆನ್ಸ್ಡ್ ಸಿಗ್ನಲ್‌ಗೆ ಮಾಡಿದ್ದು. ಉದ್ದದ ಕೇಬಲಿನಲ್ಲಿ ಗದ್ದಲ ಸೇರದಿರಲಿ ಅಂತ ಮಾಡಿಕೊಂಡ ಏರ್ಪಾಡು ಅದು. ಒಂದೇ ದನಿಯನ್ನು ತುದಿಯಲ್ಲಿ ನೇರವಾಗಿ, ಉಂಗುರದಲ್ಲಿ ತಲೆಕೆಳಗು ಮಾಡಿ ಕಳಿಸುತ್ತಾರೆ. ಇನ್‌ಪುಟ್ ತುದಿಯಿಂದ ಉಂಗುರವನ್ನು ಕಳೆಯುತ್ತದೆ. ದನಿ 5 ಮತ್ತು -5 ಆಗಿ ಬಂದರೆ, ಕಳೆದಾಗ 10. ದಾರಿಯಲ್ಲಿ ಸೇರಿದ ಗದ್ದಲ ಎರಡು ತಂತಿಯಲ್ಲೂ ಒಂದೇ ಸಮ, 2 ಮತ್ತು 2, ಕಳೆದರೆ ಸೊನ್ನೆ. ಎಷ್ಟು ಜಾಣ ಲೆಕ್ಕ ಅಲ್ವಾ! ಆದರೆ ನನ್ನ ಪೆಡಲ್ ಗಿಟಾರಿನ ನೇರ ದನಿಯನ್ನು ಎಡಕ್ಕೂ ಬಲಕ್ಕೂ ಸಮಸಮವಾಗಿ ಕೊಡುತ್ತಿತ್ತು. ಇನ್‌ಪುಟ್ ಅದನ್ನೂ ಗದ್ದಲದ ಹಾಗೆಯೇ ಕಂಡಿತು. 5ರಲ್ಲಿ 5 ಕಳೆಯಿತು. ಎಡಬಲಗಳಲ್ಲಿ ಬೇರೆ ಬೇರೆಯಾಗಿದ್ದ ಡಿಲೇ ಮತ್ತು ರಿವರ್ಬ್ ಮಾತ್ರ ಉಳಿದವು.

ಇದು ತಲೆಗೆ ಹೋದ ಗಳಿಗೆ ನನಗೆ ಸ್ಟೀರಿಯೊ ಅಂದರೆ ಏನು ಅಂತ ಮೊದಲ ಸಲ ಅರ್ಥವಾಯಿತು. ಎಡ, ಬಲ ಅಂತ ಎರಡು ಪೆಟ್ಟಿಗೆಯಾಗಿ ಯೋಚಿಸುತ್ತಿದ್ದೆ. ಎರಡರಲ್ಲೂ ಒಂದೇ ಆಗಿರುವುದು ಕಿವಿಗೆ ನಡುವಿನಿಂದ ಬಂದ ಹಾಗೆ ಕೇಳುತ್ತದೆ. ಬೇರೆಯಾಗಿರುವುದು ಅಗಲ ಕೊಡುತ್ತದೆ. ನನ್ನ ತಪ್ಪು ಕೇಬಲ್ ನಡುವನ್ನು ತೆಗೆದು ಬರೀ ಅಗಲವನ್ನು ಕೈಗೆ ಕೊಟ್ಟಿತ್ತು. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದಾಗಲೇ ಎರಡು ಚಾನೆಲ್‌ಗಳನ್ನು ಕೂಡಿಸಿ, ಕಳೆದು ಬಳಸುವ ವಿಚಾರ ಅದರಲ್ಲಿತ್ತು.

ಬೇಕಾಗಿದ್ದುದು ವೈ ಆಕಾರದ ಕೇಬಲ್. ಒಂದು ಕಡೆ ಎರಡು ಗೆರೆಯ ಪಿನ್ನು, ಇನ್ನೊಂದು ಕಡೆ ಒಂದೊಂದು ಗೆರೆಯ ಎರಡು ಪಿನ್ನು. ಇನ್ಸರ್ಟ್ ಕೇಬಲ್ ಅಂತಲೂ ಕರೆಯುತ್ತಾರೆ. ಅದು ಸಿಕ್ಕಿದ ಮೇಲೆ ಎಡ ಮೊದಲನೇ ಇನ್‌ಪುಟ್‌ಗೆ, ಬಲ ಎರಡನೆಯದಕ್ಕೆ ಹೋಯಿತು. ಗಿಟಾರ್ ಬಂತು. ಆದರೆ ಈಗ ಎಲ್ಲವೂ ಒಂದೇ ಕಡೆ ವಾಲಿತ್ತು. ಹಳೇ ಅಭ್ಯಾಸದಿಂದ ಮೊದಲನೇ ಇನ್‌ಪುಟ್‌ನ ಇನ್‌ಸ್ಟ್ರುಮೆಂಟ್ ಗುಂಡಿ ಒತ್ತಿಬಿಟ್ಟಿದ್ದೆ. ಗಿಟಾರನ್ನು ನೇರವಾಗಿ ಚುಚ್ಚಿದರೆ ಆ ಗುಂಡಿ ಬೇಕೇ ಬೇಕು. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್‌ನ ಸಿಗ್ನಲ್ ಬಡಕಲು. ಅದಕ್ಕೆ ಸುಮಾರು 1 ಮೆಗಾಓಮ್ ತಡೆಯ ಇನ್‌ಪುಟ್ ಸಿಗದಿದ್ದರೆ ಮೇಲಿನ ಹೊಳಪೆಲ್ಲ ಹೋಗಿ ದನಿ ಮಂಕಾಗುತ್ತದೆ. ಆದರೆ ನನ್ನ ಪೆಡಲ್ ಆನ್ ಇದ್ದಾಗ ಅದರಿಂದ ಹೊರಡುವ ಸಿಗ್ನಲ್‌ಗೆ ಅಷ್ಟು ನಾಜೂಕು ಬೇಕಿಲ್ಲ, ಲೈನ್ ಇನ್‌ಪುಟ್ ಸಾಕು. ಎರಡೂ ಲೈನ್‌ನಲ್ಲೇ ಇರಬೇಕು, ಅಷ್ಟೇ.

ಇನ್ನು ಗೇನ್, ಅಂದರೆ ಒಳಬರುವ ದನಿಯನ್ನು ಎಷ್ಟು ಎತ್ತಬೇಕು ಅನ್ನುವುದನ್ನು ಹೊಂದಿಸುವುದು. ಇಂಟರ್‌ಫೇಸಿನಲ್ಲಿ ಎರಡು ಗುಂಡಿ, ಎರಡಕ್ಕೂ ಅಂಕಿಗಳಿಲ್ಲ. ಕಣ್ಣಳತೆಯಲ್ಲಿ ಒಂದೇ ಕಡೆ ತಿರುಗಿಸಿದರೆ ಸರಿ ಹೋಗುತ್ತದೆ ಅಂದುಕೊಂಡರೆ ಹೋಗಲಿಲ್ಲ. ಗಿಟಾರ್ ಸ್ವಲ್ಪ ಎಡಕ್ಕೇ ನಿಂತಿತ್ತು. ಆಗ ಬೆಳಗ್ಗೆಯ ಲೆಕ್ಕ ನೆನಪಾಯಿತು. ಸಮ ಇದ್ದರೆ ಕಳೆದಾಗ ಸೊನ್ನೆ ಬರಬೇಕಲ್ವಾ? ಮಾರ್ದನಿ ಎಷ್ಟು ಬೆರೆಯಬೇಕು ಅಂತ ಹೇಳುವ ಪೆಡಲಿನ ಮಿಕ್ಸ್ ಗುಂಡಿಯನ್ನು ಸೊನ್ನೆಗೆ ಇಳಿಸಿದೆ. ಈಗ ಎರಡು ಕಡೆಯೂ ಬರೀ ಗಿಟಾರ್. ಸಾಫ್ಟ್‌ವೇರಿನಲ್ಲಿ ಎರಡು ಟ್ರ್ಯಾಕನ್ನೂ ನಡುವಿಗೆ ತಂದು, ಬಲಗಡೆಯದನ್ನು ತಲೆಕೆಳಗು ಮಾಡುವ ಫೇಸ್ ಗುಂಡಿ ಒತ್ತಿದೆ. ಬಲಗೈಯಲ್ಲಿ ಐದನೇ ತಂತಿ ಮೀಟುತ್ತಾ, ಎಡಗೈಯಲ್ಲಿ ಎರಡನೇ ಗೇನನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ದನಿ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಒಂದು ಕಡೆ ಬಂದು ಹೆಚ್ಚುಕಡಿಮೆ ಆರಿಯೇ ಹೋಯಿತು. ಸ್ವಲ್ಪ ದಾಟಿಸಿದರೆ ಮತ್ತೆ ಮೇಲೆದ್ದಿತು. ವಾಪಸ್ ತಂದು ಅಲ್ಲೇ ನಿಲ್ಲಿಸಿ, ಗುಂಡಿಯ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಫೇಸ್ ಗುಂಡಿಯನ್ನು ಮರೆಯದೆ ಮೊದಲಿನ ಹಾಗೆ ಮಾಡಿದೆ. ಅದು ಒತ್ತಿದ ಹಾಗೇ ಉಳಿದರೆ ಗಿಟಾರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ತಲೆಯ ಸುತ್ತ ಎಲ್ಲೋ ತೇಲುತ್ತಿರುತ್ತದೆ.

ಬೆಳಗ್ಗೆ ಗಿಟಾರನ್ನು ನುಂಗಿದ ಲೆಕ್ಕವೇ ಮಧ್ಯಾಹ್ನ ನನ್ನ ಅಳತೆಗೋಲಾಯಿತು. ಇದಕ್ಕಿಂತ ನಂಬಿಕೆಯ ವಿಧಾನ ನನಗಿನ್ನೂ ಸಿಕ್ಕಿಲ್ಲ. ಮೀಟರ್ ನೋಡಿ ಹೊಂದಿಸುವುದಕ್ಕಿಂತ ಕಿವಿಗೆ ಇದು ಸುಲಭ, ಯಾಕೆಂದರೆ ಮೌನವನ್ನು ಗುರುತಿಸಲು ಯಾರಿಗೂ ಕಷ್ಟವಿಲ್ಲ.

ಮಿಕ್ಕ ತೊಡಕುಗಳು ಸಣ್ಣವು. ಎರಡು ಮೊನೊ (ಒಂದೇ ಚಾನೆಲಿನ) ಟ್ರ್ಯಾಕ್ ತೆರೆದರೆ ಸಾಫ್ಟ್‌ವೇರ್ ಎರಡನ್ನೂ ನಡುವಿಗೇ ಇಡುತ್ತದೆ. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳಬೇಕು. ಇಲ್ಲವೇ 1 ಮತ್ತು 2ನ್ನು ಜೋಡಿಸಿ ಒಂದೇ ಸ್ಟೀರಿಯೊ ಟ್ರ್ಯಾಕ್ ಮಾಡಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. ಒಳಬಂದ ದನಿಯನ್ನು ಕಂಪ್ಯೂಟರ್ ಸುತ್ತದೆ ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿಗೂ ಮೊನೊ, ಸ್ಟೀರಿಯೊ ಅಂತ ಎರಡು ಸ್ಥಾನ ಇತ್ತು, ಅದನ್ನೂ ಬದಲಿಸಿದೆ. ಪೆಡಲ್ ಇರುವವರಿಗೆ ಡೈರೆಕ್ಟ್ ಮಾನಿಟರ್ ದೊಡ್ಡ ಅನುಕೂಲ. ಎಫೆಕ್ಟ್ ಕಂಪ್ಯೂಟರ್‌ಗೆ ಹೋಗುವ ಮೊದಲೇ ಆಗಿರುತ್ತದೆ, ಹಾಗಾಗಿ ತಡವಾಗದೆ ಕಿವಿಗೆ ಬರುತ್ತದೆ. ಗಿಟಾರ್ ಸ್ಪೀಕರಿನ ಬಣ್ಣ ಕೊಡಲು ಕ್ಯಾಬಿನೆಟ್ ಪ್ಲಗಿನ್ ಹಾಕಿದಾಗ ಮಾತ್ರ ಇಡೀ ಅಗಲ ಒಮ್ಮೆಲೇ ಮುದುಡಿತು. ಅದು ಮೊನೊದಲ್ಲಿ ತೆರೆದುಕೊಂಡಿತ್ತು. ಪೆಡಲುಗಳ ಸಾಲಿನಲ್ಲೂ ಇದೇ ಕಥೆ. ಸ್ಟೀರಿಯೊ ಆದ ಮೇಲೆ ಎಲ್ಲೇ ಒಂದು ಮೊನೊ ಬಂದರೂ ದಾರಿ ಅಲ್ಲಿಗೆ ಮುಗಿಯಿತು. ಹಾಗಾಗಿ ಡ್ರೈವ್, ಕೋರಸ್‌ನಂಥ ಬೇರೆ ಪೆಡಲುಗಳೆಲ್ಲ ಮುಂದೆ, ಈ ಡಿಲೇ ಕೊನೆಗೆ.

ಸಂಜೆ ಹೊತ್ತಿಗೆ ಸರಿಯಾಗಿ ನುಡಿಸಿದೆ. ಗೇನ್ ಅತಿ ಮಾಡಲಿಲ್ಲ, ಜೋರಾಗಿ ಮೀಟಿದಾಗಲೂ ಮೀಟರ್ -12 ಡೆಸಿಬೆಲ್ ಆಸುಪಾಸಿನಲ್ಲಿತ್ತು. 24 ಬಿಟ್ ರೆಕಾರ್ಡಿಂಗಿನಲ್ಲಿ ಅಷ್ಟು ಧಾರಾಳ. ಕೊನೆಯ ಸ್ವರ ಬಿಟ್ಟ ಮೇಲೆ ಕೈಯನ್ನು ಗಾಳಿಯಲ್ಲೇ ಹಿಡಿದು ಕೂತೆ. ರಿವರ್ಬ್ ಆರುವ ತನಕ ಕುರ್ಚಿ ಕೂಡ ಕಿರ್ ಅನ್ನಬಾರದು.

ಕೇಳಿದಾಗ ಮೈ ಜುಮ್ ಅಂದಿತು. ಮೀಟಿದ ಸ್ವರ ಮೂಗಿನ ನೇರಕ್ಕೆ ನಿಂತಿತ್ತು. ಅದರ ಮೊದಲ ಮಾರ್ದನಿ ಎಡಗಿವಿಯ ಹತ್ತಿರ, ಮುಂದಿನದು ಬಲಗಿವಿಯ ಹತ್ತಿರ, ಆಮೇಲಿನದು ಮತ್ತೆ ಎಡಕ್ಕೆ, ಇನ್ನೂ ಮೆತ್ತಗೆ. ಎರಡು ವರ್ಷ ನಾನು ಕೇಳಿದ್ದ ಡಿಲೇಯಲ್ಲಿ ಇವುಗಳ ಪೈಕಿ ಒಂದು ಬಿಟ್ಟು ಒಂದು ಇರಲೇ ಇಲ್ಲ! ತಾಳ ಯಾಕೋ ನಿಧಾನ ಅಂತ ಪ್ರತಿ ಸಲ ಟೈಮ್ ಗುಂಡಿ ತಿರುಗಿಸುತ್ತಿದ್ದುದರ ಕಾರಣ ಅಲ್ಲಿತ್ತು.

ಆಸೆ ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಅಗಲ ಆಗಲಿ ಅಂತ ಬಲಗಡೆಯ ಚಾನೆಲನ್ನು 15 ಮಿಲಿಸೆಕೆಂಡು ಹಿಂದಕ್ಕೆ ತಳ್ಳಿದೆ. ಜರ್ಮನ್ ವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲಿ ತನ್ನ ಸಂಶೋಧನೆಯಲ್ಲಿ ತೋರಿಸಿದ ವಿಷಯ ಇದು. ಇಷ್ಟು ಸಣ್ಣ ಅಂತರದಲ್ಲಿ ಬಂದ ಎರಡು ಸದ್ದನ್ನು ಕಿವಿ ಎರಡು ಅಂತ ಎಣಿಸುವುದಿಲ್ಲ, ಒಂದೇ ಮಾಡಿಕೊಳ್ಳುತ್ತದೆ, ಮೊದಲು ಬಂದ ಕಡೆಗೆ ವಾಲಿಸುತ್ತದೆ. ಹೆಡ್‌ಫೋನಿನಲ್ಲಿ ಗಿಟಾರ್ ಗೋಡೆಯಷ್ಟು ಹರಡಿಕೊಂಡಿತು. ಖುಷಿಯಾಗಿ ಅಕ್ಕನ ಫೋನಿಗೆ ಕಳಿಸಿದೆ. ಅವಳು ಅಡುಗೆಮನೆಯಲ್ಲಿ ಫೋನಿನ ಸ್ಪೀಕರಿನಲ್ಲೇ ಹಾಕಿದಳು. ಒಂದೇ ಸ್ಪೀಕರಿನ ಹಳೇ ಫೋನು.

“ಡಬ್ಬದೊಳಗಿಂದ ನುಡಿಸಿದ ಹಾಗಿದೆ ಕಣೋ. ಸಂಜೆ ಕೇಳಿಸಿದ್ದು ಹೀಗಿರ್ಲಿಲ್ಲ.”

ಅವಳು ಹೇಳಿದ್ದು ಸರಿ. ಎಡ ಬಲ ಒಂದಾದಾಗ, 15 ಮಿಲಿಸೆಕೆಂಡು ಹಿಂದೆ ಬಿದ್ದ ದನಿ ಮುಂದಿನದನ್ನು ಕೆಲವು ಕಡೆ ಕೂಡುತ್ತದೆ, ಕೆಲವು ಕಡೆ ಕಳೆಯುತ್ತದೆ. 33 ಹರ್ಟ್ಸ್, 100 ಹರ್ಟ್ಸ್, 167 ಹರ್ಟ್ಸ್, ಹೀಗೆ ಸುಮಾರು 67 ಹರ್ಟ್ಸ್‌ಗೊಂದು ಕುಳಿ ಬೀಳುತ್ತಾ ಮೇಲಿನವರೆಗೂ ಹೋಗುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ. ತಕ್ಷಣ ಅದನ್ನು ತೆಗೆದೆ. ಗಿಟಾರಿನ ನೇರ ದನಿಯನ್ನು ಹೀಗೆ ಹಿಗ್ಗಿಸುವುದು ನನಗೀಗ ಒಂಚೂರೂ ಇಷ್ಟವಿಲ್ಲ. ಅಗಲ ಮಾರ್ದನಿಯಲ್ಲಿರಲಿ, ಸ್ವರ ನಡುವೆ ಗಟ್ಟಿಯಾಗಿ ನಿಲ್ಲಲಿ. ರೋಲ್ಯಾಂಡ್ ಕಂಪನಿ 1975ರಲ್ಲಿ ತಂದ ಜೆಸಿ-120 ಆಂಪ್‌ನಲ್ಲಿ ಒಂದು ಸ್ಪೀಕರಿಗೆ ನೇರ ದನಿ, ಇನ್ನೊಂದಕ್ಕೆ ಓಲಾಡುವ ದನಿ ಕೊಟ್ಟು, ಎರಡೂ ಗಾಳಿಯಲ್ಲಿ ಬೆರೆಯಲು ಬಿಟ್ಟರು. ಅಲ್ಲೂ ಒಂದು ಕಡೆ ಸ್ವರ ಕದಲದೆ ನಿಂತಿರುತ್ತದೆ.

ಆಮೇಲೆ ಅಕ್ಕ ಹಾಡಿದಳು. ಅವಳ ದನಿಯೂ ನಡುವೆ, ಗಿಟಾರೂ ನಡುವೆ. ಒಂದರ ಮೇಲೊಂದು ತುಳಿದಾಡಿದವು. ಗಿಟಾರಿನ ಸದ್ದು ಇಳಿಸಿದರೆ ಹಾಡು ಬಡವಾಯಿತು. ಎತ್ತಿದರೆ ಮಾತು ಕೇಳಲಿಲ್ಲ. ಸುಮ್ಮನೆ ಕೂತಿದ್ದಾಗ ಅಕ್ಕನೇ ಕೇಳಿದಳು, “ಬೆಳಗ್ಗೆ ಅಳಿಸಬೇಡ ಅಂದಿದ್ನಲ್ಲ, ಅದಿದ್ಯಾ?”

ಇತ್ತು. ಅದೇ ಮೆಟ್ರೊನೋಮ್‌ಗೆ ನುಡಿಸಿದ್ದರಿಂದ ಜಾಗಕ್ಕೆ ಸರಿಯಾಗಿ ಕೂತಿತು. ಅವಳು ಹಾಡಲು ಶುರು ಮಾಡುವ ಕಡೆ ಸಂಜೆಯ ಗಿಟಾರನ್ನು ನಿಧಾನಕ್ಕೆ ಆರಿಸಿ, ಬೆಳಗ್ಗೆಯ ಆ ನೆರಳನ್ನು ಎರಡು ಪ್ರತಿ ಮಾಡಿದೆ. ಒಂದನ್ನು ಇದ್ದ ಹಾಗೇ ಪೂರ್ತಿ ಎಡಕ್ಕಿಟ್ಟೆ. ಇನ್ನೊಂದನ್ನು ತಲೆಕೆಳಗು ಮಾಡಿ ಪೂರ್ತಿ ಬಲಕ್ಕಿಟ್ಟೆ. ನಡುವಿನಲ್ಲಿ ಏನೂ ಇಲ್ಲ, ಅಕ್ಕನ ದನಿ ಒಂದೇ. ಅದರ ಎರಡೂ ಪಕ್ಕದಲ್ಲಿ ಮೀಟದ ಗಿಟಾರಿನ ಮಾರ್ದನಿ ಉಸಿರಾಡುತ್ತದೆ.

ಅವಳು ಫೋನಿನಲ್ಲೂ ಹಾಕಿ ನೋಡಿದಳು. ಅಲ್ಲಿ ಎಡ ಬಲ ಕೂಡಿದ ಕೂಡಲೇ ಆ ನೆರಳು ಪೂರ್ತಿ ಇಲ್ಲವಾಯಿತು. ನಲವತ್ತು ಸೆಕೆಂಡು ಗಿಟಾರ್, ಆಮೇಲೆ ಅವಳು ಒಬ್ಬಳೇ. “ಹೀಗೂ ಇರ್ಲಿ ಬಿಡು” ಅಂದಳು. ಎರಡನ್ನೂ ಹಾಗೇ ಬಿಟ್ಟೆವು.