ಫಾರ್ಮ್‌ನಲ್ಲಿ ಇಲ್ಲದ ಪ್ರಶ್ನೆ

ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ನಡೆದಾಡಿದರೆ ಪಾನ್ ಅಂಗಡಿಯೂ ಸಿಗುತ್ತದೆ, ರಸ್ತೆ ಮೇಲೆ ಕೆಂಪು ಉಗುಳೂ ಕಾಣುತ್ತದೆ. ದಕ್ಷಿಣ ಏಷ್ಯಾದಿಂದ ಬಂದವರು ಇಲ್ಲಿ ಜಾಸ್ತಿ. ಅಲ್ಲಿನ ಒಂದು ಬಾಯಿ ತಪಾಸಣಾ ಶಿಬಿರಕ್ಕೆ ನಾನು ಹಿಂದಿಯಲ್ಲಿ ಮಾತಾಡಿಸಲು ಹೋಗುತ್ತೇನೆ.

ಕಳೆದ ಸಲ ಟ್ಯಾಕ್ಸಿ ಓಡಿಸುವ ಹಿರಿಯರೊಬ್ಬರು ಬಂದರು. ಫಾರ್ಮ್‌ನಲ್ಲಿ 'ಸಿಗರೇಟ್ ಸೇದುತ್ತೀರಾ?' ಅಂತ ಇತ್ತು. ಇಲ್ಲ ಅಂದರು. ಅದು ಸುಳ್ಳೇನೂ ಅಲ್ಲ. "ಚಾಚಾ, ಗುಟ್ಕಾ, ಸುಪಾರಿ?" ಅಂತ ನಾನೇ ಕೇಳಿದೆ. ಶರ್ಟಿನ ಜೇಬು ಮುಟ್ಟಿಕೊಂಡರು. ಡ್ಯೂಟಿಯಲ್ಲಿ ನಿದ್ದೆ ಬರದಿರಲಿ ಅಂತ ಹಾಕಲು ಶುರು ಮಾಡಿದ್ದಂತೆ, ಮೂವತ್ತು ವರ್ಷವಾಯಿತು. ಬಾಯಿ ತೆರೆಯಿರಿ ಅಂದರೆ ಎರಡು ಬೆರಳು ಹಿಡಿಸುವಷ್ಟೇ ತೆರೆಯಿತು. ಡಾಕ್ಟರು ಬಟ್ಟೆಯ ತುಂಡಿನಿಂದ ನಾಲಿಗೆ ಹಿಡಿದು ಪಕ್ಕಕ್ಕೆಳೆದರು. ಅಂಚು, ಅಡಿಭಾಗ, ಕೆನ್ನೆಯ ಒಳಗೆ ಟಾರ್ಚ್ ಹಿಡಿದು ನೋಡಿದರು, ಕುತ್ತಿಗೆ ಒತ್ತಿ ನೋಡಿದರು. ಎಲ್ಲ ಸೇರಿ ಐದು ನಿಮಿಷವೂ ಆಗಲಿಲ್ಲ. ಎಡಗೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಇತ್ತು.

ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಆದರೆ ಇಲ್ಲಿ ಫಾರ್ಮ್ ತಯಾರಿಸುವವರಲ್ಲಿ ಎಷ್ಟೋ ಜನಕ್ಕೆ ಅಡಿಕೆ ಅನ್ನುವ ಪದವೇ ಗೊತ್ತಿಲ್ಲ. ಕೇಳದಿದ್ದರೆ ಲೆಕ್ಕಕ್ಕೆ ಬರಲ್ಲ, ಲೆಕ್ಕಕ್ಕೆ ಬರದಿದ್ದರೆ ಸಂಶೋಧನೆಗೆ ದುಡ್ಡೂ ಬರಲ್ಲ, ಅಲ್ವಾ?

ಇಲ್ಲಿನ ಕಪ್ಪು ಜನರ ಕಷ್ಟ ಬೇರೆ ಥರದ್ದು. ಬಾಯಿ ಕ್ಯಾನ್ಸರ್ ಬಂದ ಮೇಲೆ ಐದು ವರ್ಷ ಬದುಕುವವರು ಬಿಳಿಯರಿಗಿಂತ ಅವರಲ್ಲಿ ಕಡಿಮೆ. ರೋಗ ಪತ್ತೆಯಾಗುವುದೇ ತಡವಾಗಿ. ಅಮೆರಿಕದಲ್ಲಿ ಹಲ್ಲಿನ ವಿಮೆ ಬೇರೆ, ಮೈಗೆ ಬೇರೆ. ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಕೂಡ ಮಾಮೂಲಿ ಹಲ್ಲಿನ ತಪಾಸಣೆಗೆ ದುಡ್ಡು ಕೊಡಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗದವರ ಬಾಯಿ ಯಾರು ನೋಡಬೇಕು? ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಇದಕ್ಕೆ ದಾರಿ ತೋರಿಸುವ ದೊಡ್ಡ ಅಧ್ಯಯನ ನಡೆದದ್ದು ಕೇರಳದ ತಿರುವನಂತಪುರದಲ್ಲಿ. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಅಷ್ಟೇ. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯಿತು ಅಂತ 2005ರಲ್ಲಿ ವರದಿ ಬಂತು. ಶಿಬಿರದ ಡಾಕ್ಟರಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು.

ಈಗ ನಮ್ಮ ಫಾರ್ಮ್‌ನಲ್ಲಿ ಹೊಸ ಸಾಲು ಸೇರಿದೆ: ಅಡಿಕೆ, ಪಾನ್, ಗುಟ್ಕಾ. ಸದ್ಯಕ್ಕೆ ಪೆನ್ನಲ್ಲೇ ಬರೆಯುತ್ತಿದ್ದೇವೆ. ಚಾಚಾಗೆ ಗುರುವಾರ ಬಯಾಪ್ಸಿ, ಅಂದರೆ ಆ ಮಚ್ಚೆಯ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಜೊತೆಗೆ ನಾನೂ ಹೋಗುತ್ತೇನೆ.